ಕೆಲಸ ಹೋದ ತಾರೀಖನ್ನು ಯಾರು ಬರೆಯಬೇಕು?

ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಬಾಡಿಗೆಗಿರುವ ಅಕ್ಕ ಒಬ್ಬರು ಹೊಸೂರು ರಸ್ತೆ ಕಡೆಯ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದರು. ಆರ್ಡರ್ ಇಲ್ಲವೆಂದು ಅವರ ಲೈನ್ ನಿಲ್ಲಿಸಿದ ದಿನ ಆಫೀಸಿನವರು ಒಂದು ಹಾಳೆ ಮುಂದಿಟ್ಟು, "ಇಲ್ಲಿ ಸೈನ್ ಹಾಕಿ, ಸೆಟ್ಲ್‌ಮೆಂಟ್ ಬೇಗ ಆಗುತ್ತೆ" ಎಂದರಂತೆ. ಅಕ್ಕ ಹಾಕಿದರು. ಮಗಳಿಗೆ ತೋರಿಸೋಣ ಅಂತ ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಂಡಿದ್ದರು. ಎರಡು ತಿಂಗಳಾದರೂ ದುಡ್ಡು ಬರದಿದ್ದಾಗ ಆ ಫೋಟೋ ನನ್ನ ಕೈಗೆ ಬಂತು. ಇಂಗ್ಲಿಷಿನಲ್ಲಿದ್ದ ಆ ನಾಲ್ಕು ಸಾಲು ರಾಜೀನಾಮೆ ಪತ್ರ. "ವೈಯಕ್ತಿಕ ಕಾರಣಗಳಿಂದ" ಎಂದು ಬರೆದಿತ್ತು. ಪಿಎಫ್ (ಭವಿಷ್ಯ ನಿಧಿ) ಪೋರ್ಟಲ್ ತೆರೆದು ನೋಡಿದರೆ, ಕೆಲಸ ಬಿಟ್ಟ ತಾರೀಖಿನ ಜಾಗ ಖಾಲಿ. ಅಂದರೆ ಹಾಳೆಯ ಪ್ರಕಾರ ಅಕ್ಕ ತಾವಾಗಿಯೇ ಕೆಲಸ ಬಿಟ್ಟಿದ್ದರು, ಪೋರ್ಟಲಿನ ಪ್ರಕಾರ ಇನ್ನೂ ಕೆಲಸದಲ್ಲೇ ಇದ್ದರು. ಎರಡೂ ಸುಳ್ಳು.

ನಿರುದ್ಯೋಗ ಭತ್ಯೆ ಯಾಕೆ ತಡವಾಗುತ್ತದೆ ಎಂದು ಕೇಳಿದರೆ ಸರ್ವರ್ ಡೌನ್, ಸಿಬ್ಬಂದಿ ಕಡಿಮೆ, ಅರ್ಜಿ ತಪ್ಪು ಎಂಬ ಉತ್ತರಗಳು ಸಿಗುತ್ತವೆ. ಅವೂ ನಿಜವೇ. ಆದರೆ ಬೇರು ಎಪ್ಪತ್ತು ವರ್ಷ ಹಿಂದಕ್ಕಿದೆ. ನಮ್ಮಲ್ಲಿ ಕೆಲಸ ಹೋಯಿತು ಎನ್ನುವುದಕ್ಕೆ, ಕೆಲಸದಿಂದ ತೆಗೆದವರೇ ಸಾಕ್ಷಿ ಹೇಳಬೇಕು. ಈ ಏರ್ಪಾಡು ಹೇಗೆ ಬಂತು ಎಂದು ತಿಳಿಯದೆ, ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು ಕಷ್ಟ.

ಸಂವಿಧಾನದ 41ನೇ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆಗಳ ಕಾಲದಲ್ಲಿ ಸರ್ಕಾರದ ನೆರವು ಸಿಗಬೇಕೆನ್ನುತ್ತದೆ, "ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಎಂಬ ಷರತ್ತಿನೊಂದಿಗೆ. ಅದು ನಿರ್ದೇಶಕ ತತ್ವ. ಅದನ್ನೇ ಹಿಡಿದು ಕೋರ್ಟಿಗೆ ಹೋಗಿ ಭತ್ಯೆ ಕೊಡಿಸಿ ಎನ್ನಲಾಗದು. ಅದಕ್ಕೂ ಮೊದಲೇ, 1948ರಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ಕಾಯ್ದೆ ಬಂದಿತ್ತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಶುರುವಾದ ಆ ಯೋಜನೆ ಬೆಂಗಳೂರಿಗೆ ಕಾಲಿಟ್ಟದ್ದು 1958ರಲ್ಲಿ. ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಪೆಟ್ಟು ಇವೆಲ್ಲಕ್ಕೂ ಅದರಲ್ಲಿ ಪರಿಹಾರವಿತ್ತು. ಕೆಲಸವೇ ಹೋದರೆ ಏನೂ ಇರಲಿಲ್ಲ.

ಆ ಜಾಗವನ್ನು ತುಂಬಿದ್ದು 1953ರ ತಿದ್ದುಪಡಿ. ಬಟ್ಟೆ ಗಿರಣಿಗಳಲ್ಲಿ ಮಾಲು ರಾಶಿ ಬಿದ್ದು, ಕಾರ್ಮಿಕರನ್ನು ಮನೆಗೆ ಕಳಿಸಲು ಶುರುಮಾಡಿದ್ದ ಹೊತ್ತು. ಕೈಗಾರಿಕಾ ವಿವಾದ ಕಾಯ್ದೆಗೆ ಹೊಸ ಅಧ್ಯಾಯ ಸೇರಿತು. ಲೇ-ಆಫ್, ಅಂದರೆ ಕೆಲಸವಿಲ್ಲವೆಂದು ತಾತ್ಕಾಲಿಕವಾಗಿ ಮನೆಗೆ ಕಳಿಸಿದರೆ, ಅರ್ಧ ಸಂಬಳ. ರಿಟ್ರೆಂಚ್‌ಮೆಂಟ್, ಅಂದರೆ ಶಿಕ್ಷೆಯಾಗಿ ಅಲ್ಲದೆ ಮಾಲೀಕರೇ ಕೆಲಸದಿಂದ ತೆಗೆದರೆ, ಒಂದು ತಿಂಗಳ ನೋಟಿಸು ಮತ್ತು ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ. ಒಳ್ಳೆಯ ಕಾನೂನು, ನೂರಾರು ಕಾರ್ಮಿಕರ ಮನೆ ಉಳಿಸಿದ ಕಾನೂನು. ಆದರೆ ದುಡ್ಡು ಬರಬೇಕಾದ್ದು ಸರ್ಕಾರದ ನಿಧಿಯಿಂದಲ್ಲ, ಮಾಲೀಕರ ಜೇಬಿನಿಂದ. ಆದ್ದರಿಂದ "ನಾನೇ ತೆಗೆದೆ" ಎಂದು ಒಪ್ಪಿಕೊಳ್ಳುವ ಮಾಲೀಕರಿಗೆ ಖರ್ಚು, "ಅವರೇ ಬಿಟ್ಟರು" ಎಂದು ಬರೆಸಿಕೊಳ್ಳುವವರಿಗೆ ಉಳಿತಾಯ. ನಮ್ಮ ಅಕ್ಕನ ಲೆಕ್ಕವನ್ನೇ ಹಾಕೋಣ. ಒಂಬತ್ತು ವರ್ಷಕ್ಕೆ ಹದಿನೈದು ದಿನದಂತೆ ನಾಲ್ಕೂವರೆ ತಿಂಗಳ ಸಂಬಳ, ಜೊತೆಗೆ ನೋಟಿಸಿನ ಒಂದು ತಿಂಗಳು. ಒಂದು ಸಹಿಯ ಬೆಲೆ ಅದು. ಗ್ರಾಚ್ಯುಟಿ, ಅಂದರೆ ಸೇವೆಗಾಗಿ ಕೊನೆಯಲ್ಲಿ ಕೊಡುವ ಇಡುಗಂಟು, ಮಾತ್ರ ರಾಜೀನಾಮೆ ಕೊಟ್ಟರೂ ಹೋಗುವುದಿಲ್ಲ. 1972ರ ಕಾಯ್ದೆಯ ಕಾಲದಿಂದಲೂ ಐದು ವರ್ಷ ತುಂಬಿದ್ದರೆ ಸಾಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಕೇಳುವುದೂ ಇಲ್ಲ.

ದೊಡ್ಡ ಕಾರ್ಖಾನೆಗಳು ಸರ್ಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯಬಾರದು ಎಂಬ ನಿಯಮ 1976ರಲ್ಲಿ ಬಂತು. ಆಗ 300 ಕಾರ್ಮಿಕರಿರುವ ಕಡೆ, 1982ರ ತಿದ್ದುಪಡಿಯಿಂದ 100 ಇರುವ ಕಡೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಮತ್ತೆ 300ಕ್ಕೆ ಏರಿಸಿದೆ. ಇದೇ ಸಂಹಿತೆಯಲ್ಲಿ ಹೊಸದೊಂದು ಅಂಶವೂ ಇದೆ: ರಿಟ್ರೆಂಚ್ ಆದವರಿಗೆ, ಹೊಸ ಕೆಲಸ ಕಲಿಯಲೆಂದು ಇರುವ ಮರುಕೌಶಲ ನಿಧಿಯಿಂದ ಹದಿನೈದು ದಿನದ ಸಂಬಳ, 45 ದಿನದೊಳಗೆ ಅವರ ಖಾತೆಗೆ. ಇಲ್ಲೂ ಬಾಗಿಲು ತೆರೆಯುವುದು ಅದೇ ಪದ, ರಿಟ್ರೆಂಚ್‌ಮೆಂಟ್. ರಾಜೀನಾಮೆಗೆ ಅದು ತೆರೆಯದು.

ಬೆಂಗಳೂರು ಕಾರ್ಖಾನೆ ಮುಚ್ಚುವುದನ್ನು ಚೆನ್ನಾಗಿ ನೋಡಿದ ಊರು. ಬಿನ್ನಿ ಮಿಲ್, ಎನ್‌ಜಿಇಎಫ್, ಆಮೇಲೆ 2016ರಲ್ಲಿ ಮುಚ್ಚುವ ತೀರ್ಮಾನವಾದ ಎಚ್‌ಎಂಟಿ ವಾಚ್. ಸಾರ್ವಜನಿಕ ಉದ್ದಿಮೆಗಳಲ್ಲಿ ಆಗ ಕೇಳಿಬರುತ್ತಿದ್ದ ಪದ ವಿಆರ್‌ಎಸ್, ಸ್ವಯಂ ನಿವೃತ್ತಿ. ಮುಂದೆ ಕಾರ್ಖಾನೆಯೇ ಇಲ್ಲ ಎಂದು ಗೊತ್ತಿದ್ದವರು ಬರೆದುಕೊಟ್ಟ ಅರ್ಜಿಗಳಲ್ಲೂ "ಸ್ವಇಚ್ಛೆಯಿಂದ" ಎಂದೇ ಇರುತ್ತಿತ್ತು. ಆ ಪದ ನೆನಪಿರಲಿ, ಮುಂದೆ ಬಂದ ಪ್ರತಿ ಭತ್ಯೆಯ ನಿಯಮದಲ್ಲೂ ಅದು ಅಡ್ಡ ನಿಂತಿದೆ.

ಇಎಸ್‌ಐ ನಿಗಮ ನಿರುದ್ಯೋಗಕ್ಕೆಂದು ಮೊದಲ ಬಾರಿ ಭತ್ಯೆ ಶುರುಮಾಡಿದ್ದು 2005ರ ಏಪ್ರಿಲ್ 1ರಂದು, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಹೆಸರಿನಲ್ಲಿ. ಅರ್ಧ ಸಂಬಳ, ಮೊದಲಿಗೆ ಆರು ತಿಂಗಳ ಮಟ್ಟಿಗೆ. ಕಾರ್ಖಾನೆ ಮುಚ್ಚಿರಬೇಕು, ಇಲ್ಲವೇ ರಿಟ್ರೆಂಚ್ ಆಗಿರಬೇಕು, ಇಲ್ಲವೇ ಕೆಲಸಕ್ಕೆ ಸಂಬಂಧಿಸದ ಪೆಟ್ಟಿನಿಂದ ಕನಿಷ್ಠ 40 ಶೇಕಡಾ ಕಾಯಂ ಅಂಗವೈಕಲ್ಯ ಬಂದಿರಬೇಕು. ಐದು ವರ್ಷ ವಂತಿಗೆ ಕಟ್ಟಿರಬೇಕಿತ್ತು, ಅದನ್ನು ಆಮೇಲೆ ಕಡಿಮೆ ಮಾಡಿದರು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ಒಂದೇ ಕಡೆ ಐದು ವರ್ಷ ನಿಲ್ಲುವವರು ಎಷ್ಟು ಮಂದಿ? ಮದುವೆ, ಹೆರಿಗೆ, ಮನೆ ಬದಲು, ಸೂಪರ್‌ವೈಸರ್ ಕಾಟ, ಹೀಗೆ ಎರಡು ಮೂರು ವರ್ಷಕ್ಕೊಮ್ಮೆ ಕಾರ್ಖಾನೆ ಬದಲಾಗುತ್ತದೆ. ಅವರಿಗೆ ನಿಜವಾದ ನಿರುದ್ಯೋಗ ವಿಮೆ ಎಂದರೆ ಪಿಎಫ್. ಕೆಲಸ ಬಿಟ್ಟು ಎರಡು ತಿಂಗಳು ಕಾದರೆ ಪೂರ್ತಿ ದುಡ್ಡು ಕೈಗೆ ಬರುತ್ತಿತ್ತು. ಅದರಲ್ಲೇ ಬಾಡಿಗೆ, ಅದರಲ್ಲೇ ಸ್ಕೂಲ್ ಫೀಸು, ಅದರಲ್ಲೇ ಒಡವೆ ಬಿಡಿಸುವುದು.

ಇದು ಅರ್ಥವಾಗದೆ 2016ರ ಏಪ್ರಿಲ್ ಅರ್ಥವಾಗುವುದಿಲ್ಲ. ಆ ವರ್ಷದ ಫೆಬ್ರವರಿ 10ರ ಅಧಿಸೂಚನೆಯೊಂದರಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದಿತ್ತು. ಏಪ್ರಿಲ್ 18ರ ಬೆಳಗ್ಗೆ ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬಂದು ಹೊಸೂರು ರಸ್ತೆಯಲ್ಲಿ ಕುಳಿತರು. ಮಾರನೇ ದಿನ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸು, ಪೀಣ್ಯ, ಹೆಬ್ಬಗೋಡಿಗೂ ಹಬ್ಬಿತು. ಕಲ್ಲು ತೂರಾಟ, ಲಾಠಿ, ಬೆಂಕಿ ಎಲ್ಲವೂ ನಡೆಯಿತು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ, ಸುದ್ದಿ ಒಂದು ಲೈನಿನಿಂದ ಇನ್ನೊಂದು ಲೈನಿಗೆ ಹೋಗಿತ್ತು ಅಷ್ಟೆ. 19ರಂದೇ ಕೇಂದ್ರ ಆ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು. "ಇವರಿಗೆ ಉಳಿತಾಯದ ಬೆಲೆ ಗೊತ್ತಿಲ್ಲ" ಎಂದು ಆಗ ಬುದ್ಧಿ ಹೇಳಿದವರಿದ್ದರು. ಅದನ್ನು ನಾನು ಒಪ್ಪುವುದಿಲ್ಲ. ಬೇರೆ ಯಾವ ಭತ್ಯೆಯೂ ಕೈಗೆ ಸಿಗದ ಊರಿನಲ್ಲಿ, ಸಿಗುತ್ತಿದ್ದ ಒಂದೇ ಭತ್ಯೆಯನ್ನು ಅವರು ಉಳಿಸಿಕೊಂಡರು.

2018ರಲ್ಲಿ ಎರಡು ಬದಲಾವಣೆ ಬಂದವು. ಡಿಸೆಂಬರಿನಿಂದ, ಕೆಲಸ ಹೋಗಿ ಒಂದು ತಿಂಗಳಾದರೆ ಪಿಎಫ್‌ನ 75 ಶೇಕಡಾ ತೆಗೆಯಲು ಅವಕಾಶವಾಯಿತು. ಅದಕ್ಕೂ ಮೊದಲು, ಜುಲೈ 1ರಿಂದ, ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಶುರುವಾಗಿತ್ತು. ಸರಾಸರಿ ದಿನಗೂಲಿಯ ಕಾಲು ಭಾಗ, 90 ದಿನದವರೆಗೆ, ಜೀವಮಾನದಲ್ಲಿ ಒಂದೇ ಸಲ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದವರಿಗೆ ಮೂರು ತಿಂಗಳಿಗೆ ಸೇರಿ ಸುಮಾರು 9,000. ಇಷ್ಟಕ್ಕೆ ಮೂರು ತಿಂಗಳು ಕಾದು ಅರ್ಜಿ ಹಾಕಬೇಕು, 20 ರೂಪಾಯಿಯ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಕೊಡಬೇಕು, ಅರ್ಜಿಯನ್ನು ಹಳೆಯ ಮಾಲೀಕರೇ ಮುಂದಕ್ಕೆ ಕಳಿಸಬೇಕು. ದುರ್ನಡತೆಯ ಶಿಕ್ಷೆಯಾಗಿ ಕೆಲಸ ಹೋದವರಿಗೂ ಸ್ವಯಂ ನಿವೃತ್ತಿ ಪಡೆದವರಿಗೂ ಇಲ್ಲ. ಗೇಟಿನೊಳಗೆ ಬಿಡದ ಕಂಪನಿಗೆ ಮತ್ತೆ ಹೋಗಿ "ಇದಕ್ಕೊಂದು ಸೀಲ್ ಹಾಕಿಕೊಡಿ" ಎಂದು ಬೇಡಬೇಕಿತ್ತು.

ಲಾಕ್‌ಡೌನ್ ಈ ಕಟ್ಟನ್ನು ಸ್ವಲ್ಪ ಸಡಿಲಿಸಿತು. 2020ರ ಆಗಸ್ಟಿನಲ್ಲಿ ಭತ್ಯೆ ಅರ್ಧ ಸಂಬಳಕ್ಕೆ ಏರಿತು, 90 ದಿನದ ಬದಲು 30 ದಿನ ಕಾದರೆ ಸಾಕು ಎಂದಾಯಿತು, ಮಾಲೀಕರ ಕೈದಾಟಿಸದೆ ನೇರ ಬ್ರಾಂಚ್ ಆಫೀಸಿಗೇ ಅರ್ಜಿ ಕೊಡಬಹುದು ಎಂದಾಯಿತು. ಸ್ವಲ್ಪ ದಿನಕ್ಕೆ ಅಫಿಡವಿಟ್ಟನ್ನೂ ಬಿಟ್ಟರು. ಈ ಯೋಜನೆಗೆ ಆದ ದೊಡ್ಡ ಉಪಕಾರ ಇದೇ ಎಂದು ನನ್ನ ಭಾವನೆ, ಮೊತ್ತ ಏರಿದ್ದಕ್ಕಿಂತಲೂ ಹೆಚ್ಚಾಗಿ ಮಾಲೀಕರ ಸಹಿ ತಪ್ಪಿದ್ದು. ಆದರೂ ಮಾಲೀಕರ ನೆರಳು ಪೂರ್ತಿ ಹೋಗಲಿಲ್ಲ. ಎರಡು ವರ್ಷದ ವಿಮಾ ಸೇವೆ ಆಗಿರಬೇಕು. ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್, ಹೀಗೆ ಆರಾರು ತಿಂಗಳ ಅವಧಿಗಳಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಆ ದಿನಗಳನ್ನು ಬರೆದವರು ಯಾರು? ಕಂಟ್ರಾಕ್ಟರ್. ತಿಂಗಳಿಡೀ ದುಡಿಸಿಕೊಂಡು ಹತ್ತು ದಿನಕ್ಕೆ ಮಾತ್ರ ಇಎಸ್‌ಐ ಕಟ್ಟಿದ್ದರೆ, ಆರು ತಿಂಗಳಿಗೆ 60 ದಿನ. ಅರ್ಜಿ ಬಿದ್ದುಹೋಯಿತು. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹೊಸ ಇನ್ಶೂರೆನ್ಸ್ ನಂಬರು ಮಾಡಿಸಿದ್ದರೆ, ಹಳೆಯದರಲ್ಲಿದ್ದ ದಿನಗಳು ಹೊಸದರಲ್ಲಿ ಕಾಣುವುದಿಲ್ಲ. ಎರಡನ್ನೂ ಸೇರಿಸಿ ಎಂದು ಬ್ರಾಂಚ್ ಆಫೀಸಿನಲ್ಲಿ ಬರೆದುಕೊಡಬೇಕು. ಇದನ್ನು ಕೆಲಸ ಇರುವಾಗಲೇ ಮಾಡಿಸುವುದು ವಾಸಿ.

ಆಮೇಲೆ ಹೆಸರಿನ ಗೋಳು. ಊರಿನಲ್ಲಿ ಲಕ್ಷ್ಮಮ್ಮ, ಆಧಾರ್‌ನಲ್ಲಿ ಲಕ್ಷ್ಮಿ, ಪಿಎಫ್‌ನಲ್ಲಿ ಗಂಡನ ಹೆಸರಿನ ಇನಿಷಿಯಲ್, ಬ್ಯಾಂಕಿನಲ್ಲಿ ಅಪ್ಪನ ಹೆಸರಿನ ಇನಿಷಿಯಲ್. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ಕನ್ನಡದ ಹೆಸರನ್ನು ಇಂಗ್ಲಿಷಿಗೆ ಇಳಿಸುವಾಗ ಒಬ್ಬೊಬ್ಬ ಆಪರೇಟರ್ ಒಂದೊಂದು ಸ್ಪೆಲಿಂಗ್ ಹಾಕಿದ್ದು, ಹತ್ತು ವರ್ಷದ ಮೇಲೆ ಅಡ್ಡ ಬರುತ್ತದೆ. ಕಂಪ್ಯೂಟರಿಗೆ ಲಕ್ಷ್ಮಿಯೂ ಲಕ್ಷ್ಮಮ್ಮನೂ ಇಬ್ಬರು.

ಬ್ಯಾಂಕಿನದು ನಮ್ಮ ರಾಜ್ಯಕ್ಕೆ ಜಾಸ್ತಿ ತಟ್ಟಿದ ತೊಂದರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಐಎಫ್‌ಎಸ್‌ಸಿ ಕೋಡುಗಳು ಬದಲಾದವು. ಕೆಲಸಕ್ಕೆ ಸೇರಿದ ದಿನ ಕೊಟ್ಟ ಪಾಸ್‌ಬುಕ್ಕಿನ ಜೆರಾಕ್ಸ್ ಪಿಎಫ್‌ನಲ್ಲಿ ಹಾಗೇ ಉಳಿದವರ ಕ್ಲೇಮು ತಿರಸ್ಕಾರವಾಗಿ ವಾಪಸು ಬರುತ್ತದೆ. ಅರ್ಜಿ ಹಾಕುವ ಮೊದಲು ಈ ಕೋಡ್ ಒಂದನ್ನು ನೋಡಿಕೊಂಡರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ದುಡ್ಡು ಬರದಿದ್ದರೆ? ಪಿಎಫ್ ಯೋಜನೆಯ ನಿಯಮದಂತೆ ಸರಿಯಾದ ಅರ್ಜಿ 20 ದಿನದೊಳಗೆ ಇತ್ಯರ್ಥವಾಗಬೇಕು. ಕಾರಣವಿಲ್ಲದೆ ತಡಮಾಡಿದರೆ ಕಮಿಷನರ್ ಸಂಬಳದಿಂದಲೇ ವರ್ಷಕ್ಕೆ 12 ಶೇಕಡಾ ದಂಡಬಡ್ಡಿ ವಸೂಲಿಗೂ ನಿಯಮವಿದೆ. ದೂರಿನಲ್ಲಿ ಅರ್ಜಿ ಹಾಕಿದ ತಾರೀಖನ್ನು ಬರೆದು ಈ 20 ದಿನವನ್ನು ನೆನಪಿಸುವುದು ತಪ್ಪಲ್ಲ, ಹಕ್ಕು. ಬೆಂಗಳೂರಿನಲ್ಲಿ ಭವಿಷ್ಯ ನಿಧಿ ಭವನ ರಾಜಾರಾಮ್ ಮೋಹನ್ ರಾಯ್ ರಸ್ತೆಯಲ್ಲಿದೆ, ಪ್ರತಿ ತಿಂಗಳ 27ರಂದು ಅಹವಾಲು ಕೇಳುವ ಶಿಬಿರವೂ ನಡೆಯುತ್ತದೆ. ಇಎಸ್‌ಐನ ಪ್ರಾದೇಶಿಕ ಕಚೇರಿ ಇರುವುದು ಬಿನ್ನಿಪೇಟೆಯಲ್ಲಿ. ಮುಚ್ಚಿದ ಮಿಲ್ಲಿನ ಹೆಸರನ್ನು ಇಂದೂ ಹೊತ್ತಿರುವ ಪೇಟೆಯಲ್ಲೇ ಕೆಲಸ ಕಳೆದುಕೊಂಡವರ ಕಡತಗಳೂ ಇವೆ ಎಂಬುದು, ಅಲ್ಲಿ ಹೋದಾಗಲೆಲ್ಲ ನನ್ನ ಮನಸ್ಸಿಗೆ ಬರುತ್ತದೆ. ಅಲ್ಲೂ ಪರಿಹಾರ ಸಿಗದಿದ್ದರೆ ಇಎಸ್‌ಐ ವಿವಾದಗಳಿಗೆಂದೇ ಇರುವ ವಿಮಾ ನ್ಯಾಯಾಲಯವಿದೆ.

ಈ ಬಲೆಯ ಹೊರಗೇ ಉಳಿದವರೂ ಇದ್ದಾರೆ. ತಿಂಗಳಿಗೆ 21,000 ದಾಟಿದವರಿಗೆ ಇಎಸ್‌ಐ ಇಲ್ಲ. 2017ರಿಂದ ಆ ಮಿತಿ ಹಾಗೇ ನಿಂತಿದೆ. ಹೀಗಾಗಿ ವೈಟ್‌ಫೀಲ್ಡಿನ ಐಟಿ ಉದ್ಯೋಗಿಗೂ, ಎಚ್‌ಆರ್ ಕೋಣೆಯಲ್ಲಿ ಕೂರಿಸಿ ರಾಜೀನಾಮೆಯ ಮೇಲ್ ಕಳಿಸಿ ಎಂದಾಗ, ಪಿಎಫ್ ಬಿಟ್ಟರೆ ಬೇರೆ ಆಸರೆಯಿಲ್ಲ. ರಾಜ್ಯ ಸರ್ಕಾರದ ಯುವನಿಧಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆಯಾದದ್ದು, ಪದವೀಧರರಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ. ಅದು ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಇದ್ದ ಕೆಲಸ ಕಳೆದುಕೊಂಡವರಿಗಲ್ಲ. ಆದರೆ ಅದರಲ್ಲೊಂದು ಒಳ್ಳೆಯ ಅಂಶವಿದೆ: ನನಗೆ ಕೆಲಸವಿಲ್ಲ ಎಂದು ಅರ್ಜಿದಾರರೇ ಘೋಷಿಸಿಕೊಳ್ಳುತ್ತಾರೆ, ಬೇರೆಯವರ ಸಹಿ ಬೇಕಿಲ್ಲ.

ಪಿಎಫ್ ಕೂಡ ಮತ್ತೆ ಬಿಗಿಯಾಗುವ ಸೂಚನೆಯಿದೆ. 2025ರ ಅಕ್ಟೋಬರ್ 13ರಂದು ಪಿಎಫ್ ನಡೆಸುವ ಇಪಿಎಫ್‌ಒದ ಕೇಂದ್ರ ಮಂಡಳಿ, ಕೆಲಸ ಹೋದವರು 75 ಶೇಕಡಾ ಕೂಡಲೇ ತೆಗೆಯಬಹುದು, ಪೂರ್ತಿ ಹಣಕ್ಕೆ ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು ಎಂದು ತೀರ್ಮಾನಿಸಿತು. ಕೂಡಲೇ ಮುಕ್ಕಾಲು ಸಿಗುವುದು ಒಳ್ಳೆಯದೇ. ಉಳಿದ ಕಾಲು ಭಾಗಕ್ಕೆ ವರ್ಷ ಕಾಯುವವರ ಬಾಡಿಗೆ ಯಾರು ಕಟ್ಟುತ್ತಾರೆ ಎಂಬುದಕ್ಕೆ ಉತ್ತರ ಬೇಕು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಕೆಲಸ ಬಿಟ್ಟ ತಾರೀಖನ್ನು ಕಾರ್ಮಿಕರೇ ಪೋರ್ಟಲಿನಲ್ಲಿ ತುಂಬಬಹುದು. 2020ರಿಂದ ಈ ಸೌಲಭ್ಯವಿದೆ. ಆಧಾರ್ ಒಟಿಪಿ ಬಂತು, ಮಗಳು ತುಂಬಿದಳು, ಮೂರನೇ ವಾರದಲ್ಲಿ ಪಿಎಫ್ ದುಡ್ಡು ಖಾತೆಗೆ ಬಿತ್ತು. ರಾಜೀನಾಮೆಯ ಹಾಳೆ ಉಳಿದಿದೆ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಟ್ಟಿದ್ದಾರೆ. ಅದೇ ದಿನ, ಅದೇ ಮಾತುಗಳ ಹಾಳೆಗೆ ಲೈನಿನ ಇನ್ನೂ ಹನ್ನೊಂದು ಮಂದಿ ಸಹಿ ಹಾಕಿದ್ದರು. ಹನ್ನೆರಡು ಜನಕ್ಕೆ ಒಂದೇ ದಿನ "ವೈಯಕ್ತಿಕ ಕಾರಣ" ಬಂದದ್ದು ಹೇಗೆ ಎಂದು ಅಕ್ಕ ಅಧಿಕಾರಿಯನ್ನು ಕೇಳಬೇಕೆಂದಿದ್ದಾರೆ. ಮುಂದಿನ ಸೋಮವಾರ ಹಿಯರಿಂಗ್ ಇದೆ. ಫೋಟೋದ ಎರಡು ಪ್ರಿಂಟ್ ತೆಗೆಸಿಟ್ಟುಕೊಂಡಿದ್ದಾರೆ.