ಬೆನ್ನು ಬಾಗಿದವರ ಕತ್ತು: ಟಿ1 ಸ್ಲೋಪ್ ನನಗೆ ಅರ್ಥವಾದ ಬಗೆ

ಬೆನ್ನು ಮುಂದಕ್ಕೆ ಬಾಗಿದವರಲ್ಲಿ ಕತ್ತು ಹೇಗೆ ಹೊಂದಿಕೊಳ್ಳುತ್ತದೆ ಅನ್ನುವ ಪಾಠ ಮೂರನೇ ಸಲ ಓದಿದಾಗ ತಲೆಗೆ ಹತ್ತಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಹಾಸನದಲ್ಲಿ ನನ್ನ ಜೊತೆ ಫಿಸಿಯೋಥೆರಪಿ ಓದುತ್ತಿರುವವರಿಗೂ ಉಪಯೋಗವಾಗಲಿ. ಬೆನ್ನುಮೂಳೆಯ ಬಾಗು ಅಳೆಯಲು ಎಕ್ಸ್‌ರೇ ಮೇಲೆ ಕಾಬ್ ಕೋನ ಎಳೆಯುವುದು ಎಲ್ಲರಿಗೂ ಬರುತ್ತದೆ, ಅದನ್ನು ಬಿಡುತ್ತೇನೆ.

ಮೂರು ಅಳತೆ ಬೇಕು. ಕತ್ತಿನ ಎರಡನೇ ಮೂಳೆ ಸಿ2ರಿಂದ ಏಳನೇ ಮೂಳೆ ಸಿ7ವರೆಗಿನ ಲಾರ್ಡೋಸಿಸ್, ಅಂದರೆ ಕತ್ತಿನ ಹಿಂಬಾಗು. ಸಿ2 ಮಧ್ಯದಿಂದ ತೂಗುಗುಂಡಿನ ಗೆರೆ ಇಳಿಸಿದರೆ ಅದು ಸಿ7ರ ಹಿಂದಿನ ಮೇಲ್ಮೂಲೆಗಿಂತ ಎಷ್ಟು ಮುಂದೆ ಬೀಳುತ್ತದೆ ಅನ್ನುವುದು ಸರ್ವೈಕಲ್ ಎಸ್‌ವಿಎ. ಸಿ7ರ ಕೆಳಗಿನ, ಎದೆಬೆನ್ನಿನ ಮೊದಲ ಮೂಳೆ ಟಿ1ರ ಮೇಲ್ತಟ್ಟೆ ನೆಲಮಟ್ಟಕ್ಕೆ ಎಷ್ಟು ವಾಲಿದೆ ಅನ್ನುವುದು ಟಿ1 ಸ್ಲೋಪ್.

ನಾನು ಸಿಕ್ಕಿಬಿದ್ದದ್ದು ಇಲ್ಲಿ. ಲಾರ್ಡೋಸಿಸ್ ಇದ್ದಷ್ಟೂ ಒಳ್ಳೆಯದು ಅಂತ ಬಾಯಿಪಾಠ ಮಾಡಿದ್ದೆ. ಹಾಗಾದರೆ ಬೆನ್ನು ಮುಂದಕ್ಕೆ ಬಾಗಿದವರಲ್ಲಿ ಲಾರ್ಡೋಸಿಸ್ ಹೆಚ್ಚಿದ್ದೂ ಕತ್ತು ನೋಯುವುದೇಕೆ?

ಮೂಡಿಗೆರೆ ಕಡೆ ಇಳಿಜಾರಿನ ಕಾಫಿ ತೋಟದಲ್ಲಿ ಕೆಲವು ಮರಗಳ ಬುಡ ಗಮನಿಸಿ. ನೆಲ ಓರೆ, ಮರ ಮಾತ್ರ ಬುಡದಲ್ಲಿ ಬಾಗಿಕೊಂಡು ಮೇಲಕ್ಕೆ ನೆಟ್ಟಗೆ ಹೋಗಿರುತ್ತದೆ. ಟಿ1 ಆ ನೆಲ, ಕತ್ತು ಆ ಬುಡ. ಎದೆಬೆನ್ನು ಮುಂದಕ್ಕೆ ಬಂದಷ್ಟೂ ಟಿ1 ವಾಲುತ್ತದೆ. ಎದುರಿನವರ ಮುಖ ಕಾಣಬೇಕಾದರೆ ಕತ್ತು ಅಷ್ಟೂ ಹಿಂದಕ್ಕೆ ಬಾಗಲೇಬೇಕು. ಹೆಚ್ಚಿನ ಲಾರ್ಡೋಸಿಸ್ ಅಲ್ಲಿ ಆರೋಗ್ಯದ ಗುರುತಲ್ಲ, ಕತ್ತಿನ ಸ್ನಾಯುಗಳು ದಿನವಿಡೀ ತೆರುತ್ತಿರುವ ದಂಡ.

ಅದಕ್ಕೇ ಕಳೆಯುವ ಲೆಕ್ಕ: ಟಿ1 ಸ್ಲೋಪ್‌ನಿಂದ ಲಾರ್ಡೋಸಿಸ್ ಕಳೆಯಿರಿ. ಒಬ್ಬರದು 40 ಸ್ಲೋಪ್, 30 ಲಾರ್ಡೋಸಿಸ್, ಉಳಿದದ್ದು 10. ಇನ್ನೊಬ್ಬರದು 20 ಸ್ಲೋಪ್, 10 ಲಾರ್ಡೋಸಿಸ್, ಅವರಿಗೂ 10. ಲಾರ್ಡೋಸಿಸ್ ಒಂದನ್ನೇ ನೋಡಿದ್ದರೆ ಎರಡನೆಯವರದು ಕೆಟ್ಟ ಕತ್ತು ಅಂತ ಬರೆದುಬಿಡುತ್ತಿದ್ದೆ. ಮೂರನೆಯವರದು 40 ಸ್ಲೋಪ್, 12 ಲಾರ್ಡೋಸಿಸ್, ಉಳಿದದ್ದು 28. ತೊಂದರೆ ಇರುವುದು ಇವರಲ್ಲಿ. ಸಾಮಾನ್ಯವಾಗಿ 15ರಿಂದ 20 ಡಿಗ್ರಿ ದಾಟಿದರೆ ಹೊಂದಿಕೆ ತಪ್ಪಿದೆ ಅನ್ನುತ್ತಾರೆ.

ಉಳಿದ ಆ ಸಂಖ್ಯೆ ಏನು? ಸಿ2 ಇನ್ನೂ ಎಷ್ಟು ವಾಲಿದೆ ಅನ್ನುವುದೇ, ಹೆಚ್ಚುಕಡಿಮೆ ಅಷ್ಟೇ ಡಿಗ್ರಿ. ಕೆಳಗಿನ ಓರೆಯಲ್ಲಿ ಕತ್ತು ಸರಿಪಡಿಸಲಾಗದೆ ಬಿಟ್ಟದ್ದು ತಲೆಬುರುಡೆಯ ಬುಡದ ಕೀಲುಗಳ ಮೇಲೆ ಬೀಳುತ್ತದೆ. ಈ ವಾಕ್ಯ ಹೊಳೆದ ಮೇಲೆ ಸೂತ್ರ ಮತ್ತೆ ಮರೆಯಲಿಲ್ಲ.

ಸೊಂಟದ ಬಾಗು ಶಸ್ತ್ರಚಿಕಿತ್ಸೆಯಿಂದ ಸರಿಯಾದಾಗ ಕತ್ತಿನ ಅತಿ ಹಿಂಬಾಗು ಎಷ್ಟೋ ಜನರಲ್ಲಿ ತಾನಾಗಿ ಇಳಿಯುವುದೂ ಇದರಿಂದಲೇ: ನೆಲ ಸಮವಾಯಿತು.

ಎಸ್‌ವಿಎಗೆ 4 ಸೆಂ.ಮೀ. ಗಡಿ ನೆನಪಿಡಿ, ದಾಟಿದರೆ ಕಷ್ಟ ಹೆಚ್ಚು ಅನ್ನುತ್ತಾರೆ, ಆದರೆ ಅದು ಬಂದ ಜಾಗವನ್ನೂ ನೆನಪಿಡಿ. ಹಿಂಬದಿಯಿಂದ ಕತ್ತಿನ ಫ್ಯೂಷನ್ (ಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆ) ಆದ 113 ಜನರ ಮೇಲಿನ 2012ರ ಅಧ್ಯಯನ ಅದು. ಬೆನ್ನು ಬಾಗಿದ ಎಲ್ಲರಿಗೂ ಕಣ್ಣುಮುಚ್ಚಿ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಜೀವನದ ಗುಣಮಟ್ಟ. ಕತ್ತಿನ ತೊಂದರೆ ಅಳೆಯುವ ಪ್ರಶ್ನಾವಳಿ ಎನ್‌ಡಿಐ: 10 ಪ್ರಶ್ನೆ, 50 ಅಂಕ, ಹೆಚ್ಚಾದಷ್ಟೂ ಕಷ್ಟ. ಬೆನ್ನುಮೂಳೆ ಬಾಗಿದವರಿಗೆ ಕೇಳುವ ಎಸ್‌ಆರ್‌ಎಸ್-22 ಇದಕ್ಕೆ ತಿರುಗಾಮುರುಗಾ, ಹೆಚ್ಚಾದಷ್ಟೂ ಒಳ್ಳೆಯದು. ಬೆನ್ನುನೋವಿನ ಪ್ರಶ್ನಾವಳಿ ಓಡಿಐ ನಡಿಗೆ, ಕೂರುವುದು, ನಿಲ್ಲುವುದು ಕೇಳುತ್ತದೆ. ಕತ್ತಿನ ಸುದ್ದಿಯೇ ಎತ್ತುವುದಿಲ್ಲ. ಆಸ್ಪತ್ರೆ ಪೋಸ್ಟಿಂಗ್‌ನಲ್ಲಿ ಆಲೂರು ಕಡೆಯ ಒಬ್ಬ ಅಜ್ಜಿ ಬಂದಿದ್ದರು. ನನ್ನ ಮುಖ ನೋಡಲು ಮೊದಲು ಮಂಡಿ ಸ್ವಲ್ಪ ಮಡಚಿ, ಆಮೇಲೆ ಗದ್ದ ಎತ್ತಿದರು. ಬೆನ್ನಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ, "ಬೆನ್ನು ಹೆಂಗೋ ಆಯ್ತದೆ ಕಣವ್ವ, ಕತ್ತೇ ಹಿಡ್ಕಂಡೈತೆ" ಅಂದರು. ಆಗ ಎನ್‌ಡಿಐ ತೆಗೆದೆ. ಅದರಲ್ಲಿ ವಾಹನ ಓಡಿಸುವ ಪ್ರಶ್ನೆ ಇದೆ, ಅವರಿಗೆ ಅನ್ವಯಿಸುವುದಿಲ್ಲ. ಅಲ್ಲಿ ಸೊನ್ನೆ ಹಾಕಬೇಡಿ. ಆ ಪ್ರಶ್ನೆ ಬಿಟ್ಟು 45ಕ್ಕೆ ಶೇಕಡಾ ತೆಗೆಯಿರಿ. ಸೊನ್ನೆ ಹಾಕಿದರೆ ಅಜ್ಜಿಯ ನೋವು ಕಾಗದದ ಮೇಲೆ ಕಮ್ಮಿಯಾಗಿಬಿಡುತ್ತದೆ.