ದಕ್ಷಿಣದ ರಿಚ್ಮಂಡ್‌ಗೆ ಈಶಾನ್ಯದ ಚಹರೆ ಬಂದದ್ದು ಹೇಗೆ?

ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳಿಗೆ ರಾಜಧಾನಿಯಾಗಿದ್ದ ಊರು ವರ್ಜೀನಿಯಾದ ರಿಚ್ಮಂಡ್. ಆದರೆ ಅಲ್ಲಿನ ಫ್ಯಾನ್ ಬಡಾವಣೆಯಲ್ಲಿ ನಡೆದರೆ ನೆನಪಾಗುವುದು ಅಮೆರಿಕದ ಈಶಾನ್ಯ ಭಾಗದ ಬಾಲ್ಟಿಮೋರ್, ಫಿಲಡೆಲ್ಫಿಯಾ. ಒತ್ತೊತ್ತಾಗಿ ನಿಂತ ಇಟ್ಟಿಗೆಯ ಸಾಲುಮನೆಗಳು, ಮೂಲೆಗೊಂದು ಅಂಗಡಿ, ಹಿತ್ತಲ ಕಡೆ ಓಣಿ. ಎಲ್ಲಿ ಎಂಥ ಕಟ್ಟಡ ಕಟ್ಟಬಹುದೆಂಬ ನಗರದ ನಿಯಮಾವಳಿಯನ್ನು ಹೊಸದಾಗಿ ಬರೆಯುವ ಚರ್ಚೆ ಶುರುವಾದ ಮೇಲೆ ‘ಊರಿನ ಸ್ವರೂಪ ಉಳಿಸಿ’ ಎಂದು ವಾದದ ಎಲ್ಲ ಕಡೆಯವರೂ ಹೇಳುತ್ತಿದ್ದಾರೆ. ಆ ಸ್ವರೂಪ ಬಂದದ್ದು ಎಲ್ಲಿಂದ ಎಂಬುದು ಮಾತ್ರ ಗೋಜಲಾಗಿದೆ.

ಮೂಲ ಇರುವುದು ಜೇಮ್ಸ್ ನದಿಯಲ್ಲಿ. ಗಟ್ಟಿ ಬಂಡೆಯ ನೆಲದಿಂದ ಕರಾವಳಿಯ ಬಯಲಿಗೆ ನದಿ ಇಳಿಯುವ ಅಂಚು ಇದು. ಹಡಗು ಇದಕ್ಕಿಂತ ಮೇಲೆ ಬರಲಾರದು, ಇಳಿಯುವ ನೀರು ಗಿರಣಿ ತಿರುಗಿಸುತ್ತದೆ. ಬಾಲ್ಟಿಮೋರ್, ಫಿಲಡೆಲ್ಫಿಯಾಗಳೂ ಇದೇ ಅಂಚಿನ ಮೇಲಿವೆ. 1837ರಲ್ಲಿ ಟ್ರೆಡೆಗರ್ ಕಬ್ಬಿಣದ ಕಾರ್ಖಾನೆ ಬಂತು. ಹಿಟ್ಟಿನ ಗಿರಣಿ, ತಂಬಾಕಿನ ಕಾರ್ಖಾನೆಗಳೂ ಬೆಳೆದವು. ಉದ್ಯಮ ಈಶಾನ್ಯದ ಬಗೆಯದಾದರೂ ಅದರಲ್ಲಿ ಗುಲಾಮರನ್ನು ದುಡಿಸಲಾಗುತ್ತಿತ್ತು. ಹೋಲಿಕೆಯ ಮಾತಾಡುವಾಗ ಇದನ್ನು ಮರೆಯುವಂತಿಲ್ಲ. 1865ರ ಏಪ್ರಿಲ್‌ನ ಬೆಂಕಿಯಲ್ಲಿ ವ್ಯಾಪಾರದ ಕೇರಿ ಸುಟ್ಟುಹೋಗಿ, ಮತ್ತೆ ಎದ್ದಿತು.

ಊರಿಗೆ ಇಂದಿನ ಆಕಾರ ಕೊಟ್ಟದ್ದು ವಿದ್ಯುತ್ ಟ್ರಾಮ್. 1887ರಲ್ಲಿ ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ಒಪ್ಪಿದ ಕರಾರು ಇಷ್ಟು: 12 ಮೈಲಿ ಹಳಿ, 40 ಬಂಡಿ, 90 ದಿನದ ಗಡುವು. ನೂರಡಿಗೆ ಎಂಟು ಅಡಿ ಎಂದುಕೊಂಡಿದ್ದ ಏರು ಒಂದೆಡೆ ಹತ್ತು ಅಡಿ ಇತ್ತು. ಅಲ್ಲಿ ಮೋಟಾರು ಕಾದು ಕೆಟ್ಟಿತು. ಹಲ್ಲುಚಕ್ರದ ಜೋಡಣೆಯನ್ನು ಒಂದು ಹಂತದಿಂದ ಎರಡಕ್ಕೆ ಏರಿಸಬೇಕಾಯಿತು. ಮೋಟಾರಿನ ಒಂದು ಬದಿಯನ್ನು ಅಚ್ಚಿಗೆ ಕೂರಿಸಿ, ಇನ್ನೊಂದು ಬದಿಯನ್ನು ಸ್ಪ್ರಿಂಗ್ ಮೇಲೆ ತೂಗುಬಿಟ್ಟದ್ದರಿಂದ ಒರಟು ಹಳಿಯ ಮೇಲೂ ಹಲ್ಲುಗಳು ಕಚ್ಚು ಬಿಡುತ್ತಿರಲಿಲ್ಲ. ಸ್ಪ್ರಿಂಗಿನ ಒತ್ತಡದಲ್ಲಿ ಮೇಲಿನ ತಂತಿಗೆ ತಾಗಿಕೊಂಡೇ ಓಡುವ ಕೋಲು 450 ವೋಲ್ಟ್ ವಿದ್ಯುತ್ ಇಳಿಸಿಕೊಳ್ಳುತ್ತಿತ್ತು. ಗಡುವು ಮೀರಿ, 1888ರ ಫೆಬ್ರುವರಿ 2ರಂದು ಸಂಚಾರ ಶುರುವಾಯಿತು. ಅದೇ ಬೇಸಿಗೆಯಲ್ಲಿ ಬಾಸ್ಟನ್‌ನ ಟ್ರಾಮ್ ಕಂಪನಿಯ ಮುಖ್ಯಸ್ಥರು ನೋಡಲು ಬಂದರು. ಒಂದೇ ಕಡೆ 22 ಬಂಡಿಗಳನ್ನು ಸಾಲಾಗಿ ನಿಲ್ಲಿಸಿ, ಒಂದರ ಹಿಂದೊಂದು ಹೊರಡಿಸಿ ತೋರಿಸಲಾಯಿತು. ವಿದ್ಯುತ್ ಕುಗ್ಗಿತು, ಬಂಡಿಗಳು ನಿಲ್ಲಲಿಲ್ಲ. ನೆಲದಡಿಯ ಉಕ್ಕಿನ ಹಗ್ಗದಿಂದ ಬಂಡಿ ಎಳೆಸುವ ಯೋಚನೆ ಬಿಟ್ಟು ಬಾಸ್ಟನ್ ವಿದ್ಯುತ್ತಿಗೆ ಬಂತು. ಈ ವಿಷಯದಲ್ಲಿ ಕಲಿತದ್ದು ಈಶಾನ್ಯ, ಕಲಿಸಿದ್ದು ರಿಚ್ಮಂಡ್.

ಹಳಿ ಪಶ್ಚಿಮಕ್ಕೆ ಚಾಚಿದಂತೆ ಫ್ಯಾನ್ ತುಂಬಿಕೊಂಡಿತು. ಹಳಿಗೆ ನಡೆದು ಹೋಗುವಷ್ಟು ಹತ್ತಿರದ ಜಾಗಕ್ಕೆ ಬೆಲೆ ಹೆಚ್ಚು, ಹಾಗಾಗಿ ನಿವೇಶನದ ಮುಂಬದಿ ಕಿರಿದು, ಉದ್ದ ಹೆಚ್ಚು. ಎರಡು ಪಕ್ಕದ ಗೋಡೆಗಳಿಗೆ ಅಡ್ಡಲಾಗಿ ಮರದ ತೊಲೆ ಹಾಸುವಾಗ ನಡುವೆ ಆಸರೆ ಇಲ್ಲದಿದ್ದರೆ 20 ಅಡಿ ದಾಟುವುದು ಕಷ್ಟ. ಮನೆಯ ಅಗಲವನ್ನು ಅದೂ ನಿರ್ಧರಿಸಿತು. ದಕ್ಷಿಣದ ಗುರುತು ಉಳಿದಿರುವುದು ಮುಂದಿನ ಜಗಲಿಯಲ್ಲಿ. ಇಲ್ಲಿನ ಸೆಕೆಗೆ ಅದು ಬೇಕು. ಈ ಮನೆಗಳ ದುರಸ್ತಿಯಲ್ಲಿ ಆಗುವ ದೊಡ್ಡ ತಪ್ಪು ಹಳೆಯ ಸುಣ್ಣದ ಗಾರೆ ಕೆರೆದು ಸಿಮೆಂಟ್ ತುಂಬುವುದು. ಗಟ್ಟಿ ಸಿಮೆಂಟಿನ ಮೂಲಕ ತೇವ ಹೊರಹೋಗದೆ ಮೆದು ಇಟ್ಟಿಗೆಯಲ್ಲೇ ನಿಲ್ಲುತ್ತದೆ; ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಇಟ್ಟಿಗೆಯ ಮೈ ಸಿಪ್ಪೆಯಾಗಿ ಉದುರುತ್ತದೆ.

ಟ್ರಾಮ್ 1949ರಲ್ಲಿ ನಿಂತಿತು. ಊರಿನ ನಡುವೆ ಹೆದ್ದಾರಿ ಬೇಡವೆಂದು ಮತದಾರರು ಎರಡು ಸಲ ಹೇಳಿದ್ದರೂ, ರಾಜ್ಯ ರಚಿಸಿದ ಪ್ರಾಧಿಕಾರದ ಮೂಲಕ 1958ರಲ್ಲಿ ಅದು ಬಂತು. ದಾರಿ ಹಾದದ್ದು ಜಾಕ್ಸನ್ ವಾರ್ಡ್ ಮೂಲಕ. ಮ್ಯಾಗಿ ವಾಕರ್ ಎಂಬ ಕಪ್ಪು ಮಹಿಳೆ 1903ರಲ್ಲಿ ಬ್ಯಾಂಕ್ ಕಟ್ಟಿದ, ಕಪ್ಪುಜನರ ವ್ಯಾಪಾರ ಬೆಳೆದ ಕೇರಿ ಅದು. ನೂರಾರು ಮನೆಗಳು ನೆಲಸಮವಾದವು. ಬೇರೆ ದಾರಿಯೇ ಇರಲಿಲ್ಲ ಎಂಬ ಸಮರ್ಥನೆಯನ್ನು ಒಪ್ಪುವುದು ಕಷ್ಟ.

ಗಡಿಯ ಕಥೆ ಇನ್ನೊಂದು. ವರ್ಜೀನಿಯಾದಲ್ಲಿ ನಗರ ಯಾವ ಕೌಂಟಿಗೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಸೇರಿದ್ದಲ್ಲ. 1970ರಲ್ಲಿ ಪಕ್ಕದ ಚೆಸ್ಟರ್‌ಫೀಲ್ಡ್ ಕೌಂಟಿಯ 23 ಚದರ ಮೈಲಿ ಸೇರಿಸಿಕೊಂಡಾಗ ಊರಿನಲ್ಲಿ ಕಪ್ಪುಜನರ ಪಾಲು ಶೇ 52ರಿಂದ 42ಕ್ಕೆ ಇಳಿಯಿತು. ಕಪ್ಪುಜನರ ಮತದ ಬಲ ಕುಗ್ಗಿಸಲೆಂದು ಹೀಗೆ ಮಾಡಲಾಯಿತೆಂಬ ವ್ಯಾಜ್ಯ ಸುಪ್ರೀಂ ಕೋರ್ಟ್ ಮುಟ್ಟಿತು. 1977ರವರೆಗೆ ನಗರಸಭೆಗೆ ಚುನಾವಣೆ ನಡೆಯಲಿಲ್ಲ. 1987ರಲ್ಲಿ ರಾಜ್ಯ ಇಂಥ ಸೇರ್ಪಡೆಗೆ ತಡೆ ಹಾಕಿತು. ಗಡಿ ಹಿಗ್ಗಿಸುತ್ತಾ ಹೋದ ದಕ್ಷಿಣದ ಶಾರ್ಲೆಟ್ 300 ಚದರ ಮೈಲಿಯ ಆಸುಪಾಸಿನಲ್ಲಿದೆ. ರಿಚ್ಮಂಡ್ ಸುಮಾರು 62ರಲ್ಲಿ ನಿಂತಿದೆ. ಬಾಸ್ಟನ್, ಬಾಲ್ಟಿಮೋರ್‌ಗಳ ಹಾಗೆ ಉಪನಗರಗಳ ತೆರಿಗೆ ಹಣ ಇದರ ಕೈಗೂ ಸಿಗುವುದಿಲ್ಲ.

ನೆಲದಡಿಯಲ್ಲೂ ಹೋಲಿಕೆ ಇದೆ. ಹಳೆಯ ಭಾಗದಲ್ಲಿ ಮಳೆನೀರಿಗೂ ಕೊಳಚೆಗೂ ಒಂದೇ ಕೊಳವೆ. ಜೋರು ಮಳೆಗೆ ಎರಡೂ ಕೂಡಿ ಜೇಮ್ಸ್ ನದಿಗೆ ಉಕ್ಕುತ್ತವೆ. 5 ಕೋಟಿ ಗ್ಯಾಲನ್ ಹಿಡಿಯುವ ಶಾಕೋ ತೊಟ್ಟಿ ಇದ್ದರೂ ಸಾಲುತ್ತಿಲ್ಲ. 2035ರೊಳಗೆ ಸರಿಪಡಿಸಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ.

ಬ್ರಾಡ್ ಸ್ಟ್ರೀಟ್‌ನಲ್ಲಿ 2018ರಿಂದ ಪಲ್ಸ್ ಹೆಸರಿನ ಬಸ್ಸು ಕೆಲವು ಭಾಗದಲ್ಲಿ ತನ್ನದೇ ಪಥದಲ್ಲಿ ಓಡುತ್ತಿದೆ. ಹೊಸ ಕಟ್ಟಡಕ್ಕೆ ಇಂತಿಷ್ಟು ಕಾರು ನಿಲ್ಲುವ ಜಾಗ ಇರಲೇಬೇಕೆಂಬ ನಿಯಮವನ್ನು 2023ರಲ್ಲಿ ನಗರಸಭೆ ತೆಗೆದುಹಾಕಿತು. ಇಪ್ಪತ್ತಡಿ ಅಗಲದ ನಿವೇಶನದಲ್ಲಿ ಕಾರಿಗೆ ಒಂಬತ್ತಡಿ ಬಿಟ್ಟರೆ ಸಾಲುಮನೆ ಏಳುವುದಿಲ್ಲ. ಕಿರಿದಾದ ನಿವೇಶನ, ಪಕ್ಕದಲ್ಲಿ ಜಾಗ ಬಿಡದ ಗೋಡೆ, ಮೂಲೆಯಂಗಡಿ ಇವುಗಳಿಗೆ ಹಳೆಯ ಬಡಾವಣೆಗಳ ಹೊರಗೂ ಅನುಮತಿ ಸಿಗಬೇಕೇ ಎಂಬುದೇ ನಿಯಮಾವಳಿಯ ಚರ್ಚೆಯ ತಿರುಳು.