ಪುರಿಯ ಸೇರು, ಅಕ್ಕಿಯ ಕಿಲೋ

ನಮ್ಮೂರ ಸಂತೆಯಲ್ಲಿ ಅಕ್ಕಿ, ಬೇಳೆ, ಈರುಳ್ಳಿ ಎಲ್ಲವೂ ಕಿಲೋ ಲೆಕ್ಕಕ್ಕೆ ಬಂದು ಎಷ್ಟೋ ಕಾಲವಾಯಿತು. ಕಡ್ಲೆಪುರಿ ಮಾತ್ರ ಇವತ್ತಿಗೂ ಸೇರಿನಲ್ಲೇ. ಪುರಿ ಮಾರುವ ಅಜ್ಜಿ ಸೇರಿನ ಮೇಲೆ ಗೋಪುರ ನಿಲ್ಲುವ ಹಾಗೆ ತುಂಬಿ ಚೀಲಕ್ಕೆ ಸುರಿಯುತ್ತಾರೆ. ಆಮೇಲೆ ಒಂದು ಹಿಡಿ ಕೊಸರು.

ಮೊನ್ನೆ ಮನೆಗೆ ತಂದ ಪುರಿಯನ್ನು ಸುಮ್ನೆ ಒಂದು ಲೀಟರ್ ಪಾತ್ರೆಗೆ ತುಂಬಿ ತೂಗಿ ನೋಡಿದೆ. ನೂರು ಗ್ರಾಂ ಆಸುಪಾಸು. ಅದೇ ಪಾತ್ರೆಗೆ ಅಕ್ಕಿ ತುಂಬಿದರೆ 800 ಗ್ರಾಂ ದಾಟಿತು. ಪುರಿಯೂ ಅಕ್ಕಿಯಿಂದಲೇ ಆಗಿದ್ದು, ಅಲ್ವಾ?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಇದು ಕಣ್ಣೆದುರೇ ನಡೆಯುತ್ತದೆ. ಹದ ಮಾಡಿದ ಅಕ್ಕಿ ಕಾದ ಮರಳಿಗೆ ಬೀಳುತ್ತದೆ. ಕಾಳಿನೊಳಗಿನ ಚೂರು ನೀರು ಹಬೆಯಾಗಿ ಒಳಗಿನಿಂದ ಒತ್ತುತ್ತದೆ. ಕ್ಷಣದಲ್ಲಿ ಕಾಳು ಹಲವು ಪಟ್ಟು ಉಬ್ಬುತ್ತದೆ. ಹೊಸದಾಗಿ ಏನೂ ಸೇರಲಿಲ್ಲ. ಹೋಗಿದ್ದು ಸ್ವಲ್ಪ ನೀರು ಅಷ್ಟೇ. ಕಾಳಿನಲ್ಲಿ ಎಷ್ಟು ಪದಾರ್ಥ ಇದೆಯೋ ಅದು ದ್ರವ್ಯರಾಶಿ. ಅದು ಹಿಡಿಯುವ ಜಾಗ ಗಾತ್ರ. ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಿಗುವುದು ಸಾಂದ್ರತೆ. ಭಟ್ಟಿಯ ಬಿಸಿಗೆ ಗಾತ್ರ ಹಿಗ್ಗಿತು, ಸಾಂದ್ರತೆ ಇಳಿಯಿತು, ದ್ರವ್ಯರಾಶಿ ಹೆಚ್ಚು ಕಡಿಮೆ ಹಾಗೇ ಉಳಿಯಿತು.

ನೀರು ಒಂದು ಲೀಟರಿಗೆ ಸುಮಾರು ಒಂದು ಕಿಲೋ. ಕಬ್ಬಿಣ 7.9 ಕಿಲೋ. ಚಿನ್ನ 19.3. ಅಂದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ಚಿನ್ನ ಒಂಬತ್ತೂವರೆ ಕಿಲೋ ಮೀರುತ್ತದೆ! ಕಿಲೋಗ್ರಾಂ ಎಂದರೆ ಇಷ್ಟು ಎಂದು ಜಗತ್ತಿಗೆ ತೋರಿಸಲು 1889ರಿಂದ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ ಇಟ್ಟಿದ್ದ ಪ್ಲಾಟಿನಂ–ಇರಿಡಿಯಂ ಗಟ್ಟಿಯೂ ಹಾಗೇ, ಎತ್ತರ ಸುಮಾರು 39 ಮಿಲಿಮೀಟರ್ ಮಾತ್ರ. ಅದರ 57ನೇ ಪ್ರತಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋ ಆ ಗಟ್ಟಿಯನ್ನು ನಂಬಿಕೊಂಡಿಲ್ಲ. ಪ್ಲಾಂಕ್ ಸ್ಥಿರಾಂಕ ಎಂಬ, ಎಲ್ಲಿಯೂ ಬದಲಾಗದ ಸಂಖ್ಯೆಯ ಆಧಾರದ ಮೇಲೆ ನಿಂತಿದೆ.

ಇನ್ನು ತೂಕ. ಮಾತಿನಲ್ಲಿ ನಾವು ತೂಕ, ದ್ರವ್ಯರಾಶಿ ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ. ತೂಕ ಎಂದರೆ ಭೂಮಿ ನಮ್ಮನ್ನು ಎಳೆಯುವ ಬಲ. ಚಂದ್ರನ ಮೇಲೆ ಆ ಎಳೆತ ಆರನೇ ಒಂದು ಭಾಗ. ಸ್ಪ್ರಿಂಗ್ ತಕ್ಕಡಿಗೆ ಕೊಕ್ಕೆ ಹಾಕಿದ ಆರು ಕಿಲೋ ಅಕ್ಕಿ ಅಲ್ಲಿ ಒಂದೇ ಕಿಲೋ ಎಂದು ತೋರಿಸುತ್ತದೆ. ಹಳೆಯ ಎರಡು ತಟ್ಟೆಯ ತಕ್ಕಡಿ ಮಾತ್ರ ಮೋಸ ಹೋಗುವುದಿಲ್ಲ. ಎಳೆತ ಕಡಿಮೆಯಾದರೆ ಅಕ್ಕಿಗೂ ಕಡಿಮೆ, ತೂಕದ ಬಟ್ಟಿಗೂ ಕಡಿಮೆ. ಸಂತೆಯ ಆ ಸಾದಾ ತಕ್ಕಡಿ ನನಗೆ ಇದಕ್ಕೇ ಅಷ್ಟು ಇಷ್ಟ.

ಎಳೆತವೇ ಗೊತ್ತಾಗದ ಜಾಗದಲ್ಲಿ? ಬಾಹ್ಯಾಕಾಶ ನಿಲ್ದಾಣದೊಳಗೆ ತುಂಬಿದ ಗ್ಯಾಸ್ ಸಿಲಿಂಡರೂ ತೇಲುತ್ತದೆ, ಖಾಲಿಯದೂ ತೇಲುತ್ತದೆ. ಆದರೆ ಹಿಡಿದು ಅಲ್ಲಾಡಿಸಿ ನೋಡಿ. ತುಂಬಿದ್ದು ಸುಲಭಕ್ಕೆ ಕದಲುವುದಿಲ್ಲ, ಕದಲಿದ ಮೇಲೆ ಸುಲಭಕ್ಕೆ ನಿಲ್ಲುವುದೂ ಇಲ್ಲ. ಒಳಗಿನ 14.2 ಕಿಲೋ ಅನಿಲ ಅಲ್ಲೂ 14.2 ಕಿಲೋನೇ. ಈ ಹಟಕ್ಕೆ ಜಡತ್ವ ಎನ್ನುತ್ತಾರೆ. ದ್ರವ್ಯರಾಶಿ ಜಾಸ್ತಿ ಇದ್ದಷ್ಟೂ ಹಟ ಜಾಸ್ತಿ. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣದ ಗಗನಯಾತ್ರಿಗಳು ತಮ್ಮ ಮೈ ಇಳಿದಿದೆಯೋ ಇಲ್ಲವೋ ಎಂದು ತಿಳಿದುಕೊಂಡದ್ದು ಹೀಗೆಯೇ. ಸ್ಪ್ರಿಂಗ್ ಕಟ್ಟಿದ ಕುರ್ಚಿಯಲ್ಲಿ ಮುದುಡಿ ಕೂತು, ಹಿಂದೆ ಮುಂದೆ ಓಲಾಡಿ, ಒಂದು ಓಲಾಟಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕುತ್ತಿದ್ದರು. ದ್ರವ್ಯರಾಶಿ ಜಾಸ್ತಿ ಇದ್ದಷ್ಟೂ ಓಲಾಟ ನಿಧಾನ.